ಉದ್ಘಾಟನೆಗೆ ಮುಂಚಿನ ಉಸಿರು

ನಮ್ಮೂರಿನ ಮಕ್ಕಳ ಆಸ್ಪತ್ರೆಗೆ ಉಸಿರಾಟದ ಯಂತ್ರಗಳು ಸಕಾಲಕ್ಕೇ ಬಂದಿದ್ದವು. ಈ ವಿಷಯದಲ್ಲಿ ಆಡಳಿತದತ್ತ ಯಾರೂ ಬೊಟ್ಟು ಮಾಡುವಂತಿಲ್ಲ. ಚಳಿ ಶುರುವಾಗಿ, ನೆಗಡಿಯ ವೈರಸ್ಸು ಹಸುಗೂಸುಗಳ ಎದೆಗೆ ಇಳಿಯತೊಡಗಿದ ವಾರವೇ ಅವು ವಾರ್ಡಿನ ಮೂಲೆಗೆ ಬಂದು ನಿಂತವು. ಮೇಲಿನ ಪ್ಲಾಸ್ಟಿಕ್ ತೆಗೆಯುವಂತಿರಲಿಲ್ಲ. ಸುತ್ತ ಕೆಂಪು ರಿಬ್ಬನ್ ಕಟ್ಟಿತ್ತು. ಅದನ್ನು ಮಾನ್ಯ ಸಚಿವರು ಬಂದು ಕತ್ತರಿಸಬೇಕಾಗಿತ್ತು.

ಸಚಿವರು ಬರಲಿಲ್ಲ, ಏಕೆಂದರೆ ಅವರಿಗೆ ನೆಗಡಿಯಾಗಿತ್ತು. ತಮ್ಮಿಂದ ಕಂದಮ್ಮಗಳಿಗೆ ಸೋಂಕು ತಗುಲಬಾರದೆಂಬ ಅವರ ಹೇಳಿಕೆಯನ್ನು ಆಸ್ಪತ್ರೆಯ ಬಾಗಿಲಿಗೆ ಅಂಟಿಸಲಾಯಿತು. ಓದಿದ ಕೆಲವರ ಕಣ್ಣು ತುಂಬಿ ಬಂತು. ಒಳಗೆ ತೀರಿಕೊಳ್ಳುತ್ತಿದ್ದ ಮಕ್ಕಳನ್ನು ‘ಉದ್ಘಾಟನಾಪೂರ್ವ ಪ್ರಕರಣ’ಗಳೆಂದು ಪ್ರತ್ಯೇಕವಾಗಿ ಪರಿಗಣಿಸಲು ತೀರ್ಮಾನವಾಯಿತು.

ಅಷ್ಟರಲ್ಲಿ ದರ್ಜಿಯೊಬ್ಬನ ಮಗಳನ್ನು ತಂದರು. ಇನ್ನೂ ಹೆಸರಿಡದ ಕೂಸು. ಮೊಲೆ ಹಿಡಿದರೂ ಚೀಪಲಾಗದೆ ಬಿಟ್ಟುಬಿಡುತ್ತಿತ್ತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ದರ್ಜಿಯ ತಾಯಿ, ಅಂದರೆ ಕೂಸಿನ ಅಜ್ಜಿ, ಆಸ್ಪತ್ರೆಯ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಸಭ್ಯರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಯಂತ್ರಗಳು ಬಂದಿವೆಯಾದರೂ ಇನ್ನೂ ಅಸ್ತಿತ್ವಕ್ಕೆ ಬಂದಿಲ್ಲವೆಂದು ಸಮಾಧಾನದಿಂದ ವಿವರಿಸಿದರು.

"ಕಣ್ಣಿಗೆ ಕಾಣ್ತಿದಾವಲ್ಲ, ಸ್ವಾಮಿ?"

"ಕಾಣ್ತವೆ, ಅಜ್ಜಿ. ಆದ್ರೆ ರಿಬ್ಬನ್ ಕತ್ತರಿಸೋವರೆಗೆ ಅವು ಲೆಕ್ಕಕ್ಕಿಲ್ಲ."

ಅಜ್ಜಿಗೆ ನಿಯಮ ಅರ್ಥವಾಯಿತು. ವಾರ್ಡಿಗೆ ಬಂದು, ಮಗನ ಚೀಲದಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು, ರಿಬ್ಬನ್ ಕತ್ತರಿಸಿಬಿಟ್ಟಳು. ನರ್ಸಮ್ಮ ನೆಲಕ್ಕೆ ಬಿದ್ದ ರಿಬ್ಬನ್ ನೋಡಿದಳು, ಕೂಸಿನ ನೀಲಿ ತುಟಿ ನೋಡಿದಳು. ಇನ್ನು ತನಗೆ ಯಾವ ಅಡ್ಡಿಯೂ ಉಳಿದಿಲ್ಲವೆಂದು ಕಂಡುಕೊಂಡು ಕೊಳವೆ ಜೋಡಿಸಿದಳು. ಸಂಜೆಗೆ ತುಟಿ ಕೆಂಪಾಗತೊಡಗಿತು. ಕೆಲವು ದಿನಗಳಲ್ಲಿ ಕೂಸು ಹಾಲು ಕುಡಿಯಿತು.

ತನಿಖಾ ಸಮಿತಿ ಬಂತು. ಒಮ್ಮೆ ಉದ್ಘಾಟನೆಯಾದದ್ದನ್ನು ಮತ್ತೆ ಉದ್ಘಾಟಿಸುವಂತಿಲ್ಲವಾದ್ದರಿಂದ ಎಲ್ಲರೂ ಪೇಚಿಗೆ ಸಿಕ್ಕಿದ್ದರು. ಕೊನೆಗೆ ಸಮಿತಿಯು, ಭಾಷಣವಿಲ್ಲದೆ ಕತ್ತರಿಯಾಡಿಸಿದರೆ ಅದು ಉದ್ಘಾಟನೆಯಲ್ಲ, ಹೊಲಿಗೆ ಕೆಲಸ ಎಂದು ತೀರ್ಪು ಕೊಟ್ಟಿತು. ಯಂತ್ರಕ್ಕೆ ಹೊಸ ಪ್ಲಾಸ್ಟಿಕ್ ಹೊದಿಸಿ, ದರ್ಜಿಯ ಕೈಯಿಂದಲೇ ರಿಬ್ಬನ್ನಿಗೆ ಕಾಣದಂತೆ ಹೊಲಿಗೆ ಹಾಕಿಸಲಾಯಿತು. ಕೂಸು ಬದುಕಿದ್ದನ್ನು ಆಡಳಿತ ದೊಡ್ಡ ಮನಸ್ಸು ಮಾಡಿ ಕ್ಷಮಿಸಿತು. ವಾರ್ಡಿನೊಳಗೆ ಕತ್ತರಿ ತರುವುದನ್ನು ಮಾತ್ರ ನಿಷೇಧಿಸಿತು.

ಮರುದಿನ ಬೆಳಿಗ್ಗೆ ಬಸ್ ಡ್ರೈವರೊಬ್ಬ ತನ್ನ ಮಗನನ್ನು ತಂದ. ಅದೇ ಉಸಿರು, ಅದೇ ಗುಳಿ. ರಿಬ್ಬನ್ ಪಕ್ಕ ಈಗ ಕಾವಲುಗಾರನಿದ್ದ. ಡ್ರೈವರ್ ಮಗುವನ್ನು ಎದೆಗವಚಿಕೊಂಡು ವಾರ್ಡಿನ ಉದ್ದಕ್ಕೂ ಓಡಾಡಿದ. ಮಧ್ಯಾಹ್ನ ಓಡಾಟ ನಿಲ್ಲಿಸಿದ.

ಮೊಮ್ಮಗಳನ್ನು ಎತ್ತಿಕೊಂಡು ಮನೆಗೆ ಹೊರಟಿದ್ದ ಅಜ್ಜಿ ಬಾಗಿಲಲ್ಲಿ ಡ್ರೈವರನ ಹೆಂಡತಿಗೆ ಎದುರಾದಳು. ಆಕೆಯ ಕಣ್ಣು ಕೂಸಿನ ಮೇಲೇ ನೆಟ್ಟಿತ್ತು. ಅಜ್ಜಿ ಕದ್ದ ವಸ್ತುವನ್ನು ಮುಚ್ಚಿಕೊಳ್ಳುವವಳಂತೆ ಶಾಲು ಎಳೆದು ಕೂಸನ್ನು ಮುಚ್ಚಿಕೊಂಡಳು.

ಚಳಿ ಕಳೆಯಿತು. ಸಚಿವರ ನೆಗಡಿಯೂ ವಾಸಿಯಾಯಿತು. ಅವರು ಬಂದ ದಿನ ವಾರ್ಡು ಖಾಲಿಯಿದ್ದು, ಸಮಾರಂಭಕ್ಕೆ ಒಳ್ಳೆಯ ಅನುಕೂಲವಾಯಿತು. ರಿಬ್ಬನ್ ಕತ್ತರಿಸಿ, ಮೈಕಿನ ಮುಂದೆ ನಿಂತು ಅವರು ಹೇಳಿದರು: "ಈ ಯಂತ್ರಗಳು ಉದ್ಘಾಟನೆಗೊಂಡ ಮೇಲೆ ಇಲ್ಲಿ ಒಂದೇ ಒಂದು ಮಗುವೂ ಸತ್ತಿಲ್ಲ ಎಂದು ತಿಳಿಸಲು ನನಗೆ ಹೆಮ್ಮೆಯಾಗುತ್ತದೆ."

ಮಾತಿನಲ್ಲಿ ಸುಳ್ಳಿರಲಿಲ್ಲ. ಉದ್ಘಾಟನಾಪೂರ್ವ ಕುಟುಂಬಗಳಿಗೆಂದು ಮೀಸಲಿಟ್ಟ ಮುಂದಿನ ಸಾಲಿನಲ್ಲಿ ಡ್ರೈವರನೂ ಹೆಂಡತಿಯೂ ಕೂತಿದ್ದರು. ಸಚಿವರು ಹೇಳುವುದು ನಿಜವೇ ಎಂದು ಆಕೆ ಗಂಡನನ್ನು ಮೆಲ್ಲಗೆ ಕೇಳಿದಳು.

"ನಿಜಾನೇ. ನಮ್ದು ಅದಕ್ಕೆ ಮುಂಚೆ," ಎಂದ ಅವನು.

"ಹಾಗಾದ್ರೆ ಸರಿ," ಎಂದು ಆಕೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.