ಚಲಪತಿಯ ಎದೆಯನ್ನು ನನ್ನದೆಂದು ಬರೆದುಕೊಂಡ ಬೆಲ್ಟಿನವರಿಗೆ

ಕೋರಮಂಡಲ್, ಕೆ.ಜಿ.ಎಫ್.

ಮನುಷ್ಯರ ಎದೆಯ ಮೇಲೆಯೇ ಆಸನ ಪಡೆಯುವ ಭಾಗ್ಯವುಳ್ಳ, ಎರಡು ಬೆರಳಗಲದ, ಕಪ್ಪು ಮೈಬಣ್ಣದ, ನಡುವೆ ಬಿಳಿಯ ಗುಂಡಿ ಧರಿಸಿದ ಮಾನ್ಯರೇ,

ತಮ್ಮ ಸನ್ನಿಧಿಗೆ ಮಾಜಿ ಗಣಿ ಕಾರ್ಮಿಕ ಪೆರುಮಾಳ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದಿದ್ದೇನೆಯೇ ಹೊರತು, ನಿಜಕ್ಕೂ ಮಲಗಿ ಎದ್ದರೆ ಉಸಿರು ಹದಕ್ಕೆ ಬರಲು ಅರ್ಧ ಗಂಟೆ ಬೇಕಾಗುವುದರಿಂದ ದಯವಿಟ್ಟು ಬರಹದಲ್ಲೇ ಸ್ವೀಕರಿಸಬೇಕು. ಗಣಿಯವರ ಸಾಲುಮನೆಗಳಾದ ನಮ್ಮ ಲೈನಿನಲ್ಲಿ ಬೇತಮಂಗಲದ ನೀರು ನಿಂತರೆ, ಬೀದಿ ದೀಪ ಕೆಟ್ಟರೆ, ಹಂದಿಗಳು ಅಡುಗೆಮನೆಗೆ ನುಗ್ಗಿದರೆ ಅರ್ಜಿ ಬರೆಯುವವನು ನಾನೇ ಆದ್ದರಿಂದ ಮೇಲಿನವರಿಗೆ ಹೇಗೆ ಬರೆಯಬೇಕೆಂಬುದು ನನಗೆ ಗೊತ್ತು. ಒಂದು ಬೆಲ್ಟಿಗೆ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ತಮ್ಮ ಬೆಂಗಳೂರು ಕಚೇರಿಗೆ ಕಳಿಸಿದ ಮೂರು ಪತ್ರಗಳಿಗೆ ಉತ್ತರ ಬಾರದ ಕಾರಣ ಇದನ್ನು ಬಹಿರಂಗಪಡಿಸಿ, ಒಂದು ಪ್ರತಿಯನ್ನು ಬಂಗಾರಪೇಟೆ ಬಸ್ ನಿಲ್ದಾಣದ ಗೋಡೆಗೆ ಅಂಟಿಸಲು ಕೊಟ್ಟಿದ್ದೇನೆ.

ವಿಷಯ ಇಷ್ಟು. ಇಪ್ಪತ್ತಮೂರು ವರ್ಷ ನೆಲದೊಳಕ್ಕೆ ಇಳಿದು ಕಲ್ಲು ಕೊರೆದವನು ನಾನು. ಗಣಿ ಎರಡು ಸಾವಿರದ ಒಂದರಲ್ಲಿ ಮುಚ್ಚಿತು, ಅದರ ಧೂಳು ಮಾತ್ರ ನನ್ನ ಎದೆಯೊಳಗೆ ಇಂದಿಗೂ ಡ್ಯೂಟಿಯಲ್ಲಿದೆ. ಮಂಚದಿಂದ ನಲ್ಲಿಗೆ ಹನ್ನೆರಡು ಹೆಜ್ಜೆ. ನಡುವೆ ಎರಡು ಸಲ ನಿಂತು ಗೋಡೆ ಹಿಡಿಯುತ್ತೇನೆ. ಹೀಗಿರುವಾಗ ಒಂದು ಕಂಪನಿಯವರು ನಮ್ಮ ಸಮುದಾಯ ಭವನಕ್ಕೆ ಬಂದು, ನನ್ನಂಥ ನಲವತ್ತು ಮಂದಿಗೆ ತಮ್ಮಂಥ ನಲವತ್ತು ಬೆಲ್ಟುಗಳನ್ನು ಹಂಚಿ, ಇಪ್ಪತ್ತು ದಿನ ಎದೆಗೆ ಕಟ್ಟಿಕೊಂಡಿರಿ, ಆಮೇಲೆ ಹತ್ತು ಮನೆಗಳಿಗೆ ಆಕ್ಸಿಜನ್ ಯಂತ್ರ ಕೊಡುತ್ತೇವೆ ಎಂದರು. ಮಂಚದ ಪಕ್ಕ ಇಟ್ಟು ಮೂಗಿಗೆ ಕೊಳವೆ ಹಾಕಿಕೊಂಡರೆ ಸಾಕು, ಉಸಿರು ತಾನಾಗಿ ಸಿಗುತ್ತದೆಯಂತೆ. ನನ್ನ ಹೆಂಡತಿ ಮಾರಿಯಮ್ಮ ಅಂದೇ ಮಂಚದ ಪಕ್ಕದಲ್ಲಿದ್ದ ಅಕ್ಕಿ ಡ್ರಮ್ಮನ್ನು ಎಳೆದು ಅಡುಗೆಮನೆಗೆ ಸಾಗಿಸಿ ಜಾಗ ಮಾಡಿಟ್ಟಳು. ನನಗೆ ಆ ಯಂತ್ರ ಬೇಕಿತ್ತು. ಈ ಒಂದು ಮಾತನ್ನು ಯಾವ ಅಲಂಕಾರವೂ ಇಲ್ಲದೆ ಹೇಳಿಬಿಡುತ್ತೇನೆ.

ತಮ್ಮ ಗುಣಗಾನ ಮಾಡದೆ ನೇರವಾಗಿ ದೂರಿಗೆ ಇಳಿಯುವುದು ಮರ್ಯಾದೆಯಲ್ಲ. ಡಾಕ್ಟರಾದವರು ತಣ್ಣನೆಯ ಕೊಳವೆ ಇಟ್ಟು ಎರಡು ನಿಮಿಷ ಕೇಳಿ ಮುಂದಿನವರನ್ನು ಕರೆಯುತ್ತಾರೆ. ತಾವೋ ಬೆಳಗಿನಿಂದ ಸಂಜೆಯವರೆಗೆ ಎದೆಗೆ ಅಂಟಿಕೊಂಡು, ಒಂದೊಂದು ಉಸಿರನ್ನೂ ಒಂದೊಂದು ಬಡಿತವನ್ನೂ ಎಣಿಸುತ್ತ, ಕಾಫಿ ಕೇಳದೆ, ನೆಂಟರ ಸುದ್ದಿ ವಿಚಾರಿಸದೆ ಇರುತ್ತೀರಿ. ನಲವತ್ತು ವರ್ಷ ಸಂಸಾರ ಮಾಡಿದ ಮಾರಿಯಮ್ಮ ಕೂಡ ನನ್ನ ಎದೆಯ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿದವಳಲ್ಲ. ಸಂಜೆ ನನ್ನ ಸೊಸೆ ಪುಷ್ಪಳ ಫೋನಿನ ಹತ್ತಿರ ತಂದರೆ ಸಾಕು, ದಿನವಿಡೀ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಬೆಂಗಳೂರಿಗೆ ಹೇಳಿ ಮುಗಿಸುತ್ತೀರಿ. ನಮ್ಮ ಲೈನಿನಲ್ಲಿ ಈ ಕಲೆ ಸಿದ್ಧಿಸಿರುವುದು ಹಿಂದಿನ ಮನೆಯ ಮುನಿಲಕ್ಷ್ಮಿಗೆ ಮಾತ್ರ, ಆಕೆಗೂ ಕೋಲಾರದ ಆಚೆ ಸಂಪರ್ಕವಿಲ್ಲ.

ಇನ್ನು ನನ್ನ ತಪ್ಪು. ಗಣಿಯ ಕಾಲದಲ್ಲಿ ವರ್ಷಕ್ಕೊಮ್ಮೆ ನಮ್ಮ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದರು. ಫಿಲಮ್ಮಿನಲ್ಲಿ ಬಿಳಿ ಚುಕ್ಕೆ ಕಂಡವನನ್ನು ಮೇಲಕ್ಕೆ ಕರೆಸಿ ಕಸ ಗುಡಿಸಲು ಹಾಕುತ್ತಿದ್ದರು. ಸಂಬಳವೂ ಇಳಿಯುತ್ತಿತ್ತು, ಮರ್ಯಾದೆಯೂ ಇಳಿಯುತ್ತಿತ್ತು. ಅದಕ್ಕಾಗಿ ನಮ್ಮ ಪಾಳಿಯವರು ನಮ್ಮೊಳಗೇ ಒಂದು ಏರ್ಪಾಟು ಮಾಡಿಕೊಂಡಿದ್ದೆವು. ಎದೆ ಚೆನ್ನಾಗಿರುವ ಗೆಳೆಯ ನಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಹಿಡಿದು ನಮ್ಮ ಬದಲು ಹೋಗಿ ನಿಲ್ಲುವುದು. ಫಿಲಮ್ಮು ತೆಗೆಯುವವರು ಬಿಲ್ಲೆ ನೋಡುತ್ತಿದ್ದರು, ಮುಖ ನೋಡುವಷ್ಟು ಪುರಸೊತ್ತು ಅವರಿಗೆಲ್ಲಿತ್ತು? ನನ್ನ ಪರವಾಗಿ ಐದು ವರ್ಷ ನಿಂತವನು ಬೂದಿಕೋಟೆಯ ಚಲಪತಿ. ಅವನ ಕೆಲಸ ನೆಲದ ಮೇಲೆ, ಗಣಿಗೆ ಬೇಕಾದ ಮರ ಕೊಯ್ಯುವ ಅಂಗಳದಲ್ಲಿ, ಎದೆಯೊಳಗೆ ಧೂಳಿನ ಕಣವಿಲ್ಲ. ಆ ಫಿಲಮ್ಮುಗಳೇನಾದರೂ ಎಲ್ಲಾದರೂ ಉಳಿದಿದ್ದರೆ, ಅವುಗಳ ಪ್ರಕಾರ ನಾನು ಕೋರಮಂಡಲಿನ ಅತ್ಯುತ್ತಮ ಎದೆಗಳಲ್ಲಿ ಒಂದರ ಒಡೆಯ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಲಿತ ಗುಣವೂ ಅಷ್ಟೇ. ಎದೆ ಪರೀಕ್ಷೆ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ, ಹೇಗಾದರೂ ಪಾಸಾಗಬೇಕು ಎಂಬ ಒಂದೇ ಯೋಚನೆ ನನ್ನ ತಲೆಗೆ ಬಂತು; ಕಂಪನಿಯ ಹುಡುಗ ಆಮೇಲೆ ಹೇಳಿದ್ದು ಯಾವುದೂ ಒಳಗಿಳಿಯಲಿಲ್ಲ. ಪಾಸಾದವರಿಗೆ ಬಹುಮಾನ ಕೊಡುವುದು ಲೋಕರೂಢಿ ತಾನೇ, ಆದ್ದರಿಂದ ಪಾಸಾದ ಹತ್ತು ಮಂದಿಗೆ ಯಂತ್ರ ಎಂದು ನಾನೇ ತೀರ್ಮಾನಿಸಿಕೊಂಡೆ. ಚಲಪತಿ ಈಗ ನಾಲ್ಕು ಹಸು ಕಟ್ಟಿಕೊಂಡು, ದಿನಾ ಸಂಜೆ ಟಿವಿಎಸ್ ಗಾಡಿಯಲ್ಲಿ ನಮ್ಮ ಲೈನಿಗೆ ಹಾಲು ತರುತ್ತಾನೆ. ಅವನ ಮುಂದೆ ವಿಷಯ ಇಟ್ಟೆ. ಅವನು ಹಾಲಿನ ಕ್ಯಾನು ಕೆಳಗಿಟ್ಟು, ಅಂಗಿ ಬಿಚ್ಚಿ, ಎರಡನೆಯ ಮಾತಿಲ್ಲದೆ ತಮ್ಮನ್ನು ಕಟ್ಟಿಕೊಂಡು ಹೊರಟ. ದಿನಾ ಸಂಜೆ ಹಾಲಿನ ಜೊತೆ ತಮ್ಮನ್ನೂ ತಂದು ಫೋನಿಗೆ ತೋರಿಸಿ ಮತ್ತೆ ಕಟ್ಟಿಕೊಂಡು ಹೋಗುತ್ತಿದ್ದ.

ಎಂಟು ದಿನ ತಾವು ಹಸಿರು ದೀಪ ತೋರಿಸಿದಿರಿ. ನಾನು ಟೀ ಅಂಗಡಿಯವರೆಗೂ ಸುದ್ದಿ ಕಳಿಸಿದೆ. ಪೆರುಮಾಳ್ ದಿನಕ್ಕೆ ಎರಡು ಗಂಟೆಯ ವ್ಯಾಯಾಮ ಮಾಡುತ್ತಿದ್ದಾರೆ, ಶಹಭಾಸ್ ಎಂದು ತಮ್ಮ ಕಚೇರಿಯಿಂದ ಫೋನಿಗೆ ಸಂದೇಶ ಬಂದಾಗ ಇಷ್ಟು ಗಟ್ಟಿಯಾದ ಎದೆಗೆ ಯಂತ್ರ ಯಾಕೆ ಕೊಡುತ್ತಾರೆಂದು, ನನ್ನನ್ನು ನಲ್ಲಿಯ ಆಚೆ ಕಂಡಿರದ ಪುಷ್ಪಳಿಗೆ ಅನುಮಾನ ಬಂತು. ಒಂಬತ್ತನೆಯ ದಿನ ಕಂಪನಿಯವರು ಕೊಟ್ಟಿದ್ದ ಕಾಗದವನ್ನು ಹುಡುಕಿ ತೆಗೆದು ಪೂರ್ತಿ ಓದಿದಳು. ಹಸಿರು ಬಂದವರು ಆರೋಗ್ಯವಂತರು, ಅವರಿಗೆ ಏನೂ ಇಲ್ಲ. ಕೆಂಪು ಬಂದವರಿಗೆ ಯಂತ್ರ ಮೊದಲು.

"ಮಾವ, ಇದು ಪಾಸಾಗೋ ಪರೀಕ್ಷೆ ಅಲ್ಲ, ಫೇಲಾಗೋ ಪರೀಕ್ಷೆ" ಎಂದಳು.

ಮಾರಿಯಮ್ಮ ನನ್ನನ್ನು ಬೈಯುವುದನ್ನು ತಮಿಳಿನಲ್ಲಿ ಶುರು ಮಾಡಿ, ಕನ್ನಡದಲ್ಲಿ ಬೆಳೆಸಿ, ತೆಲುಗಿನಲ್ಲಿ ಮುಗಿಸಿ, ಅಕ್ಕಿ ಡ್ರಮ್ಮನ್ನು ಎಳೆದು ತಂದು ಮತ್ತೆ ಮಂಚದ ಪಕ್ಕದಲ್ಲೇ ನಿಲ್ಲಿಸಿದಳು. ಆ ಸಂಜೆಯೇ ತಮ್ಮನ್ನು ನಾನು ಕಟ್ಟಿಕೊಂಡು, ಉಳಿದ ಹನ್ನೊಂದು ದಿನ ಮನಸಾರೆ ಫೇಲಾಗುವುದೆಂದು ತೀರ್ಮಾನವಾಯಿತು. ಫೇಲಾಗುವುದರಲ್ಲಿ ನನಗೆ ಸರಿಸಾಟಿ ಯಾರೂ ಇರಲಿಲ್ಲ, ಅದನ್ನು ತಾವು ನೋಡಬೇಕಿತ್ತು.

ಸಂಜೆ ಚಲಪತಿ ಬಂದ. ಗಾಡಿಯಿಂದಿಳಿದು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತಮ್ಮನ್ನು ಬಿಚ್ಚಿಕೊಟ್ಟ. ಪುಷ್ಪ ಫೋನಿನ ಹತ್ತಿರ ಹಿಡಿದಳು. ತಾವು ಕೆಂಪಾದಿರಿ. ಹತ್ತು ನಿಮಿಷವಾಗಿರಲಿಲ್ಲ, ತಮ್ಮ ಕಚೇರಿಯ ಶ್ಯಾಮಲ ಎಂಬ ಹೆಣ್ಣುಮಗಳು ಫೋನ್ ಮಾಡಿ, ಪೆರುಮಾಳ್ ಸರ್, ಕೂತುಕೊಳ್ಳಿ, ಅಲುಗಾಡಬೇಡಿ, ನಿಮ್ಮ ಹೃದಯ ಇವತ್ತು ಹಲವು ಸಲ ನಾಲ್ಕು ನಾಲ್ಕು ಸೆಕೆಂಡು ನಿಂತು ಹೋಗಿದೆ, ಗಾಡಿ ಕಳಿಸುತ್ತೇವೆ ಎಂದಳು. ಕೆಂಪು ಬಂದಿರುವುದರಿಂದ ಯಂತ್ರದ ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲನೆಯದು, ಸೋಮವಾರ ಮನೆಗೆ ಬರುತ್ತದೆ ಎಂದೂ ಸೇರಿಸಿದಳು. ಎರಡನೆಯ ಮಾತನ್ನಷ್ಟೇ ಕೇಳಿಸಿಕೊಂಡ ಮಾರಿಯಮ್ಮ ಅಕ್ಕಿ ಡ್ರಮ್ಮಿಗೆ ಮತ್ತೆ ಕೈ ಹಾಕಿದಳು.

ನಾನು ಚಲಪತಿಯ ಕಡೆ ನೋಡಿದೆ. ಅವನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ, ಹಣೆಯಲ್ಲಿ ಬೆವರು. ಹಸು ಕರೆಯಲು ಬಗ್ಗಿದರೆ ನಾಲ್ಕು ದಿನದಿಂದ ತಲೆ ತಿರುಗುತ್ತಿತ್ತಂತೆ. ಪಿತ್ತ ಇರಬೇಕೆಂದು ಜೀರಿಗೆ ಕಷಾಯ ಕುಡಿಯುತ್ತಿದ್ದನಂತೆ. ಫೋನಿನ ಮಾತೆಲ್ಲ ಅವನಿಗೂ ಕೇಳಿಸಿತ್ತು. ನನ್ನ ಲುಂಗಿಯ ತುದಿ ಹಿಡಿದೆಳೆದು ಮೆಲ್ಲಗೆ ಹೇಳಿದ:

"ಯೋಳ್ಬೇಡ ಪೆರುಮಾಳಣ್ಣ. ಮಿಷನ್ನು ಬರ್ಲಿ. ಆವತ್ತೂ ನಾನೇ ನಿಂತ್ಕೊಂಡೆ, ಇವತ್ತೂ ನಿಂತ್ಕೊಂತೀನಿ ಬಿಡು."

ಮಾನ್ಯರೇ, ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂಬುದನ್ನು ತಾವು ಆಗ ನನ್ನ ಎದೆಯ ಮೇಲಿದ್ದಿದ್ದರೆ ಕರಾರುವಾಕ್ಕಾಗಿ ಹೇಳುತ್ತಿದ್ದಿರಿ. ನಾಚಿಕೆಪಡುವಷ್ಟು ಹೊತ್ತು ಎಂದು ಮಾತ್ರ ನಾನು ಹೇಳಬಲ್ಲೆ. ಆಮೇಲೆ ಫೋನು ಹಿಡಿದು, ಅಭ್ಯಾಸಬಲದಿಂದ, ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ ಎಂದು ಆರಂಭಿಸಿದೆ. ಅಷ್ಟಕ್ಕೇ ಉಸಿರು ಮುಗಿಯಿತು. ನನ್ನ ಮುಖವನ್ನೂ ಚಲಪತಿಯ ಮುಖವನ್ನೂ ನೋಡಿದ ಮಾರಿಯಮ್ಮನಿಗೆ ಎಲ್ಲವೂ ಅರ್ಥವಾಯಿತು. ಡ್ರಮ್ಮು ಬಿಟ್ಟು ಬಂದು ಫೋನು ಕಿತ್ತುಕೊಂಡಳು.

"ಏಯಮ್ಮಾ, ಆ ಎದೆ ನಮ್ಮೋರ್ದಲ್ಲ, ಆಲಿನ ಚಲಪತೀದು. ಬೇಗ ಗಾಡಿ ಕಳ್ಸು."

ಗಾಡಿ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವನ ಹೆಗಲ ಕೆಳಗೆ ಬಡಿತ ಕಾಯುವ ಸಣ್ಣ ಯಂತ್ರವೊಂದನ್ನು ಕೂರಿಸಿದರು. ಇನ್ನೆರಡು ದಿನ ಕಳೆದಿದ್ದರೆ ಕೈಮೀರುತ್ತಿತ್ತು ಎಂದರಂತೆ. ಈಗ ಅವನು ಬೂದಿಕೋಟೆಯಲ್ಲಿ ಹಸುಗಳ ಜೊತೆ ಚೆನ್ನಾಗಿದ್ದಾನೆ. ಗೆಳೆಯನನ್ನು ಉಳಿಸಿಕೊಟ್ಟಿದ್ದಕ್ಕಾಗಿ ತಮಗೆ ಕೋಟಿ ನಮಸ್ಕಾರ, ಇದರಲ್ಲಿ ಯಾವ ಕೊಂಕೂ ಇಲ್ಲ.

ಕೊಂಕು ಇರುವುದು ಮುಂದಿನ ಸಂಗತಿಯಲ್ಲಿ. ತಮ್ಮ ಕಚೇರಿಯ ಕಂಪ್ಯೂಟರಿಗೆ ಬೆಲ್ಟಿನ ನಂಬರು ಗೊತ್ತು, ನಂಬರಿನ ಮುಂದೆ ನನ್ನ ಹೆಸರು ಗೊತ್ತು, ಅದರಾಚೆ ಲೋಕವೇ ಗೊತ್ತಿಲ್ಲ. ಬೇರೆಯವರ ಎದೆ ಎಂದು ಬರೆಯಲು ಅದರಲ್ಲಿ ಜಾಗವಿಲ್ಲವೆಂದು ಶ್ಯಾಮಲ ಪಾಪ ನಾಲ್ಕು ಸಲ ಪ್ರಯತ್ನಿಸಿ ಕೈಚೆಲ್ಲಿದಳು. ಹೀಗಾಗಿ ಕಂಪ್ಯೂಟರಿನಲ್ಲಿ ಪೆರುಮಾಳನಿಗೆ ಕೆಂಪು ಬಂತು, ಪೆರುಮಾಳನಿಗೆ ಚಿಕಿತ್ಸೆಯಾಯಿತು, ಪೆರುಮಾಳ ಹಸಿರಾದ. ತಮ್ಮನ್ನು ವಾಪಸು ತೆಗೆದುಕೊಂಡು ಹೋದರು. ನನ್ನ ಪಾಲಿನ ಯಂತ್ರ ಪಟ್ಟಿಯ ಹನ್ನೊಂದನೆಯವನಾದ ಪಕ್ಕದ ಲೈನಿನ ವಿಜಯಕುಮಾರನ ಮನೆಗೆ ಹೋಯಿತು. ಅವನ ಎದೆಯೂ ನನ್ನದರಂಥದ್ದೇ, ನನಗೆ ಹೊಟ್ಟೆಯುರಿ ಇಲ್ಲ. ಸ್ವಲ್ಪ ಇದೆ.

ಆದ ಕಾರಣ ತಮ್ಮಲ್ಲಿ ನನ್ನ ಕೋರಿಕೆಗಳು. ತಾವು ಖುದ್ದಾಗಿ ತಮ್ಮ ಕಂಪ್ಯೂಟರಿನ ಮುಂದೆ ಹಾಜರಾಗಿ, ಒಂಬತ್ತು ದಿನದಲ್ಲಿ ಒಮ್ಮೆಯೂ ಈ ಪೆರುಮಾಳನ ಎದೆ ಮುಟ್ಟಿದವನು ನಾನಲ್ಲ ಎಂದು ಪ್ರಮಾಣ ಮಾಡಿ ಸಾಕ್ಷಿ ನುಡಿಯಬೇಕು. ಬಾಯಿಲ್ಲವೆಂದರೆ ನಾಚಿಕೆಯಿಂದಲಾದರೂ ಒಮ್ಮೆ ಕೆಂಪಾಗಬೇಕು. ಹಾಲು ಕರೆದ ಮೈಯ ವಾಸನೆಗೂ ಕಲ್ಲು ಕೊರೆದ ಮೈಯ ವಾಸನೆಗೂ ಇರುವ ವ್ಯತ್ಯಾಸವನ್ನು ತಮ್ಮ ವಂಶದ ಮುಂದಿನ ಬೆಲ್ಟುಗಳಿಗೆ ಕಲಿಸಬೇಕು. ಅದೂ ಆಗದಿದ್ದರೆ, ಒಂದೇ ಒಂದು ದಿನ ನಮ್ಮ ಮನೆಗೆ ದಯಮಾಡಿಸಿ. ಸ್ನಾನ ಮಾಡಿ ಎದೆಯ ಕೂದಲು ಬೋಳಿಸಿಕೊಂಡು ಕಾದಿರುತ್ತೇನೆ. ಮಂಚದಿಂದ ನಲ್ಲಿಯವರೆಗೆ ನನ್ನ ಮೇಲೆ ಸವಾರಿ ಮಾಡಿ. ಹನ್ನೆರಡನೆಯ ಹೆಜ್ಜೆಯಲ್ಲೂ ತಾವು ಹಸಿರಾಗಿಯೇ ಉಳಿದರೆ ಈ ಪತ್ರವನ್ನು ನಾನೇ ಬಸ್ ನಿಲ್ದಾಣದ ಗೋಡೆಯಿಂದ ಕಿತ್ತು ತರುತ್ತೇನೆ.

ತಮ್ಮ ದಾಖಲೆಯಲ್ಲಿ ಸಂಪೂರ್ಣ ಗುಣಮುಖನಾಗಿರುವ,
ಮನೆಯಲ್ಲಿ ಮಂಚ ಹಿಡಿದಿರುವ,
ತಮ್ಮ ವಿಶ್ವಾಸಿ
ಪೆರುಮಾಳ್

ಬರೆದು ಮುಗಿಸಿದ ಮೇಲೆ ಬಂದದ್ದು: ಈಗಷ್ಟೇ ಪುಷ್ಪಳ ಫೋನಿಗೆ ತಮ್ಮ ಕಚೇರಿಯಿಂದ ಸಂದೇಶ ಬಂದಿದೆ. ಶ್ರೀ ಪೆರುಮಾಳ್ ಅವರೇ, ನಿಮ್ಮ ಚೇತರಿಕೆಗೆ ಅಭಿನಂದನೆಗಳು, ಇನ್ನು ಮುಂದೆ ದಿನಾ ಬೆಳಿಗ್ಗೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ ಎಂದಿದೆ. ಮಾರಿಯಮ್ಮ ಅದನ್ನು ಎರಡು ಸಲ ಓದಿಸಿ ಕೇಳಿ, ನಡೆಯುವುದಕ್ಕೂ ಚಲಪತಿಯನ್ನೇ ಕಳಿಸಬೇಕೇ ಎಂದು ವಿಚಾರಿಸಿ ಬರೆಯಲು ಹೇಳಿದ್ದಾಳೆ. ತಮ್ಮ ಉತ್ತರ ಬರುವವರೆಗೆ ನಾನು ಬಾಗಿಲಲ್ಲೇ ಕೂತಿರುತ್ತೇನೆ. ಅದರಾಚೆ ಹೋಗಲು ನನಗೆ ಆಗುವುದೂ ಇಲ್ಲ.