ಒಂದೇ ಒಂದು ಹೊಂಗೆ ಕೊಂಬೆ

ನನ್ನ ಹೆಂಡತಿ ಲಕ್ಷ್ಮಿದೇವಿ ಕೇಳಿದ್ದು ಒಂದೇ ಒಂದು ಕೊಂಬೆ. ಒಡವೆಯಲ್ಲ, ಸೀರೆಯಲ್ಲ (ಕೊಳ್ಳೇಗಾಲದ ಮಗ್ಗಗಳು ಹತ್ತಿರದಲ್ಲೇ ಇದ್ದರೂ), ಹಿತ್ತಲಿನ ಹೊಂಗೆಮರದ ಒಂದು ಕೊಂಬೆ. ಅದನ್ನು ಕಡಿದುಕೊಡಲು ಹೋಗಿ ಮಾಡಿಕೊಂಡ ಅವಾಂತರವನ್ನು ನಮ್ಮೂರು ಶಾಗ್ಯದಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ಎಲ್ಲರೂ ಕಣ್ಣಾರೆ ನೋಡಿದ್ದಾರೆ. ಅದಕ್ಕೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಆ ಕೊಂಬೆ ನಮ್ಮ ರೇಷ್ಮೆಹುಳು ಸಾಕುವ ಮನೆಯ ಶೀಟಿನ ಮೇಲೆ ಒರಗಿಕೊಂಡಿತ್ತು. ಇರುವೆಗಳು ಅದನ್ನೇ ಹೆದ್ದಾರಿ ಮಾಡಿಕೊಂಡು ಒಳಗಿಳಿದು ಹುಳುಗಳನ್ನು ಕಚ್ಚಿ ಎಳೆದೊಯ್ಯುತ್ತಿದ್ದವು. ಸೋಮವಾರ ಹೊಸ ಮರಿಹುಳು ಬರುವುದಿತ್ತು. ಅವು ಬಂದ ಮೇಲೆ ಆ ಮನೆಯ ಸುತ್ತ ಪೆಟ್ರೋಲ್ ವಾಸನೆ ಹಾಗಿರಲಿ, ನನ್ನ ಬೀಡಿಗೂ ಪ್ರವೇಶವಿಲ್ಲ. ಕೊಡಲಿಯಲ್ಲಿ ಅರ್ಧ ಗಂಟೆಯ ಕೆಲಸ. ಆದರೆ ಮರ ಕೊಯ್ಯುವ ಮಿಷಿನ್ನು ಮನೆಯಲ್ಲಿಟ್ಟುಕೊಂಡು ಯಾವನಾದರೂ ಕೊಡಲಿ ಹಿಡಿಯುತ್ತಾನೆಯೇ?

ಮಿಷಿನ್ನು ಹಳೆಯದು, ಹನೂರಿನಲ್ಲಿರುವ ಷಡ್ಡಕ ನಟರಾಜು ತನಗೆ ಬೇಡವಾದಾಗ ನನಗೆ ದಾಟಿಸಿದ್ದು. ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತಿತ್ತು, ಕೊಂಬೆಗೆ ಹಲ್ಲು ತಾಗಿಸುವಷ್ಟರಲ್ಲಿ ಗೊರಗೊರ ಎಂದು ಪ್ರಾಣ ಬಿಡುತ್ತಿತ್ತು. ಇಂಜಿನ್ನಿಗೆ ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲವೆಂದು ನಾಡಿಪರೀಕ್ಷೆ ಶುರು ಮಾಡಿದೆ. ಹಳೇ ಪೆಟ್ರೋಲ್ ಚೆಲ್ಲಿ, ಆಯಿಲ್ ಬೆರೆಸಿದ ಹೊಸದನ್ನು ಹುಯ್ದೆ. ಟ್ಯಾಂಕಿನೊಳಗಿನ ಫಿಲ್ಟರ್ ತೊಳೆದೆ. ಬಿರುಕುಬಿಟ್ಟ ಪೈಪು ಬದಲಿಸಿದೆ. ಕಾರ್ಬೊರೇಟರ್ ಬಿಚ್ಚಿ ಊದಿ ಮತ್ತೆ ಜೋಡಿಸಿದರೆ ಒಂದು ಸ್ಕ್ರೂ ಉಳಿಯಿತು (ಯಾರಿಗೂ ಕಾಣದಂತೆ ಜೇಬಿಗಿಳಿಸಿದೆ). ಆದರೂ ಅದೇ ಗೊರಗೊರ.

"ಕೊಡ್ಲಿ ತಕಂಡು ನಾಕೇಟ್ ಆಕುದ್ರೆ ಮುಗ್ದೋಯ್ತದೆ ಕಣ್ರಿ," ಎಂದಳು ಲಕ್ಷ್ಮಿದೇವಿ.

"ನೀ ಸುಮ್ಕಿರು, ಇದು ಇಂಜಿನ್ ವಿಚಾರ," ಎಂದೆ.

ಭಾನುವಾರ ಸಂಜೆ, ಪೆಟ್ರೋಲ್ ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಆಗ ನೆನಪಾಯಿತು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಹುಳುಗಳಿಗೆ ಪೆಟ್ರೋಲ್ ವಾಸನೆ ತಟ್ಟಬಾರದೆಂದು ಹೋದ ಬೆಳೆಯಲ್ಲಿ ನಾನೇ ಅದಕ್ಕೆ ಅಂಟು ಮೆತ್ತಿದ್ದೆ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುವುದಾದರೂ ಹೇಗೆ? ದಬ್ಬಳದಿಂದ ಅಂಟು ಕೆರೆದು ತೆಗೆದು ಹಗ್ಗ ಎಳೆದೆ. ಮಿಷಿನ್ನು ಒಂಟಿ ಸಲಗದ ಹಾಗೆ ಘೀಳಿಟ್ಟಿತು.

ಕೊಂಬೆ ಉರುಳಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಆಫ್ ಮಾಡಿದರೆ ಈ ಮಹಾರಾಯ ಮತ್ತೆ ಏಳುತ್ತಾನೋ ಇಲ್ಲವೋ ಎಂಬ ಭಯ. ಎದ್ದಿರುವಾಗಲೇ ಇನ್ನೊಂದು ಕೊಂಬೆ ಇಳಿಸೋಣವೆಂದೆ. ಆಮೇಲೆ ಅದರ ಎದುರಿನದು, ಇಲ್ಲದಿದ್ದರೆ ಮರ ಒಂದು ಕಡೆ ವಾಲಿದಂತೆ ಕಾಣುತ್ತದಲ್ಲ. ಲಕ್ಷ್ಮಿದೇವಿ ಓಡಿ ಬಂದು ಎರಡೂ ಕೈ ಆಡಿಸಿದಳು. ಆ ಸದ್ದಿನಲ್ಲಿ ಏನೂ ಕೇಳಲಿಲ್ಲ. ಮೆಚ್ಚಿಕೊಳ್ಳುತ್ತಿದ್ದಾಳೆಂದು ತಿಳಿದು ನಾನೂ ತಲೆಯಾಡಿಸಿ ಬುಡಕ್ಕೇ ಕೈಹಾಕಿದೆ. ಪೆಟ್ರೋಲ್ ಮುಗಿದು ಮಿಷಿನ್ನು ತಾನಾಗಿ ನಿಂತಾಗ ಮರ ನೆಲದ ಮೇಲಿತ್ತು.

"ನಾ ಮದ್ವೆಯಾಗ್ ಬಂದ್ ವರ್ಸ ನೆಟ್ಟಿದ್ದು ಕಣ್ರಿ ಅದು," ಎಂದಳು.

ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಸುಮ್ಮನೆ ಬಗ್ಗಿ ಎಲೆಗಳನ್ನು ಗುಡಿಸತೊಡಗಿದಳು.

ಸೋಮವಾರ ಹುಳು ಬಂದವು. ಇರುವೆ ಬರಲಿಲ್ಲ, ಬಿಸಿಲು ಬಂತು. ನೆರಳಿಲ್ಲದ ಶೀಟು ಹೆಂಚಿನಂತೆ ಕಾದು ಹುಳುಗಳು ಸೊಪ್ಪು ಮುಟ್ಟದೆ ಮುಷ್ಕರ ಹೂಡಿದವು. ಬೆಳೆ ಕೈಕೊಟ್ಟರೆ ಅವಳ ತಿಂಗಳ ದುಡಿಮೆ ಮಣ್ಣುಪಾಲು. ಅಂದಿನಿಂದ ಶೀಟಿನ ಮೇಲೆ ಗೋಣಿಚೀಲ ಹಾಸಿ, ಬಿಸಿಲಿಳಿಯುವವರೆಗೂ ಏಣಿ ಹತ್ತಿ ನೀರು ಹುಯ್ಯುವ ಹುದ್ದೆ ನನ್ನದಾಗಿದೆ. ಹುಳುಗಳು ಹೇಗೋ ಬದುಕಿಕೊಂಡಿವೆ.

ನಿನ್ನೆ ಮಧ್ಯಾಹ್ನ ಅವಳು ಟೀ ತಂದಳು. ಏಣಿಯ ಕೆಳಗೆ ನಿಂತು, ಇಷ್ಟು ವರ್ಷದ ಅಭ್ಯಾಸದಲ್ಲಿ, "ನೆಳ್ಳಿಗ್ ಬಂದ್ ಕುಡೀರಿ," ಎಂದಳು.

ಇಳಿದೆ. ಇಬ್ಬರೂ ಸುತ್ತ ನೋಡಿದೆವು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಒಂದು ಒದ್ದೆ ಗೋಣಿಚೀಲ ತಂದು ನನ್ನ ತಲೆಗೆ ಹೊದಿಸಿದಳು. ಅದರ ನೀರು ಟೀಯೊಳಗೆ ತೊಟ್ಟಿಕ್ಕುತ್ತಿತ್ತು. ಹಾಗೇ ಕುಡಿದೆ.