ಒಂಬತ್ತಕ್ಕೆ ಮುಳುಗುವ ಸೂರ್ಯ

ಜನ ಊರು ತಿರುಗಿ ಬಂದ ಮೇಲೆ ಗಮ್ಮತ್ತಿನ ಸಂಗತಿ ಹೇಳುತ್ತಾರೆ. ನನ್ನವೆಲ್ಲ ಹೊರಡುವ ಮೊದಲೇ ಆಗಿ ಮುಗಿದವು. ಅಂಥವು ನನ್ನ ಬಾಗಿಲಿಗೆ ಕೇಳದೆಯೇ ಬರುತ್ತವೆ.

ಪಂಗತಿ

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮದುವೆಯಾದಾಗಿನಿಂದ ನಾನೂ ನನ್ನ ಹೆಂಡತಿಯೂ ಬೆಳಕಿರುವಾಗಲೇ ಎದುರುಬದುರು ಕೂತು ಉಂಡೆವು. ಅವಳು ಹೋದ ಮೇಲೆ ತಾಟು ಒಂದಾಯಿತು. ಹೊತ್ತು ಅದೇ ಉಳಿಯಿತು.

ಸಾಂಗ್ಲಿ ಆಗ ಬೆಳೆಯುತ್ತಿತ್ತು. ಹಳೆಯ ಗಲ್ಲಿಯ ಮನೆ ಬಿಟ್ಟು ವಿಶ್ರಾಮಬಾಗಿನ ಫ್ಲ್ಯಾಟಿಗೆ ಬಂದೆ. ನನ್ನ ಊಟದ ಹೊತ್ತಿಗೆ ಇಡೀ ಕಟ್ಟಡದಲ್ಲಿ ಯಾರೂ ಇರುವುದಿಲ್ಲ. ದೊಡ್ಡವರು ಆಫೀಸಿನಲ್ಲಿ, ಮಕ್ಕಳು ಕ್ಲಾಸಿನಲ್ಲಿ. ಅವರೆಲ್ಲ ಉಣ್ಣುವುದು ಟೀವಿಯ ಧಾರಾವಾಹಿ ಮುಗಿದ ಮೇಲೆ. ನಮ್ಮವರದೇ ಎರಡು ಮನೆ ಇದ್ದವು. ಅವರು ಹೊಸ ಜೈನರು. ಧಾರಾವಾಹಿಯನ್ನೇ ನಂಬಿದ್ದರು.

ಕೆಳಗಿನ ಮಹಡಿಯವರ ವಾಸ್ತುಶಾಂತಿಗೆ ಹೋದೆ. ಊಟ ದೀಪ ಹಚ್ಚಿದ ಮೇಲೆ. ಖಾಲಿ ಕೈಯಲ್ಲಿ ಮೂಲೆಯ ಕುರ್ಚಿ ಹಿಡಿದೆ. ಮನೆಯ ಯಜಮಾನಿ ಬಂದಳು.

"ಕಾಕಾ, ಶುಗರ್ ಐತೇನ್ರಿ?"

"ಇಲ್ಲ."

"ಉಪಾಸ?"

"ಇಲ್ಲ."

"ಮತ್ತ ನಮ್ಮ ಮ್ಯಾಲ ಸಿಟ್ಟೇನ್ರಿ?"

"ಹೊತ್ತು ಮುಳುಗೇತಿ."

ಆಕೆ ಕಿಟಕಿಯ ಹೊರಗೆ ನೋಡಿದಳು. "ಹೌದಲ್ರಿ. ನಾ ನೋಡೇ ಇಲ್ಲ," ಎಂದು ಜಿಲೇಬಿ ಬಾಯಿಗಿಟ್ಟುಕೊಂಡಳು.

ಹೊರಡುವಾಗ ಡಬ್ಬಿ ಕಟ್ಟಿಕೊಟ್ಟರು. ತಂಗಳೂ ನಮಗೆ ನಡೆಯುವುದಿಲ್ಲ. ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಗೆಗೆ ಇಟ್ಟೆ. ಅದು ತನ್ನ ಬಳಗವನ್ನೆಲ್ಲ ಕೂಗಿ ಕರೆದು ಪಂಗತಿ ಹಾಕಿತು. ನನ್ನನ್ನು ಕರೆಯಲಿಲ್ಲ.

ಏನು ನೋಡಬೇಕು

ಬಸ್ ಸ್ಟಾಪಿನ ಎದುರಿಗೆ ಹೊಸದಾಗಿ ಒಂದು ಪ್ರವಾಸದ ಕಂಪನಿ ಆಫೀಸು ತೆರೆದಿತ್ತು. ಒಂದು ದಿನ ಬಿಸಿಲು ತಾಳದೆ ನೀರು ಕೇಳಲು ಒಳಗೆ ಹೋದೆ. ಅಲ್ಲಿದ್ದ ಹುಡುಗಿಯ ತಾಯಿ ಗಡಿಯ ಮ್ಹೈಸಾಳದವಳು. ಹುಡುಗಿ ನನ್ನ ಮಾತು ಕೇಳಿದ್ದೇ ಮರಾಠಿ ಬಿಟ್ಟು ಕನ್ನಡ ಹಿಡಿದಳು.

"ಕುಂದ್ರಿ ಕಾಕಾ. ನೀರ ಕುಡೀರಿ. ಇದನ್ನೂ ನೋಡ್ರಿ."

ಬಣ್ಣದ ಚಿತ್ರಗಳು. ವಿಯೆನ್ನಾ, ಬ್ರಾಟಿಸ್ಲಾವಾ.

"ಎರಡೂ ಶೇಜಾರಿ ಊರು ಕಾಕಾ, ಬಾಜೂ ಬಾಜೂ. ಒಂದು ತಾಸಿನ ದಾರಿ. ನಮ್ಮ ಸಾಂಗ್ಲಿ-ಮಿರಜ ಇದ್ದಂಗ."

"ನದಿ?"

"ಐತ್ರಿ. ಎರಡಕ್ಕೂ ಒಂದ."

"ಹಂಗಾದ್ರ ಇಲ್ಲೇ ಐತಲ್ಲ," ಎಂದು ಎದ್ದೆ.

ಹುಡುಗಿ ಬಿಡುವವಳಲ್ಲ. "ಜೂನದಾಗ ಅಲ್ಲಿ ಸೂರ್ಯ ಒಂಬತ್ತಕ್ಕ ಮುಳುಗ್ತಾನ್ರಿ. ಎಷ್ಟ ಬೇಕಾದಷ್ಟ ತಿರಗಾಡ್ರಿ."

ಮತ್ತೆ ಕೂತೆ. "ಎಷ್ಟಕ್ಕ?"

"ರಾತ್ರಿ ಒಂಬತ್ತಕ್ಕ."

"ನಕ್ಕಿ? ಖರೇನ?"

"ನಕ್ಕಿ."

"ಊಟ ಎಷ್ಟಕ್ಕ?"

"ಏಳಕ್ಕ, ಎಂಟಕ್ಕ. ನಮ್ಮ ಮಂದಿ ಎಲ್ಲಾರೂ ಒಂದ ಟೇಬಲ್ಲಿಗೆ."

ಕಣ್ಣ ಮುಂದೆ ಉದ್ದನೆಯ ಟೇಬಲ್ಲು ಬಂತು. ಸುತ್ತಲೂ ಜನ. ಕಿಟಕಿಯಲ್ಲಿ ಬಿಸಿಲು. ನನ್ನ ಮುಂದೂ ತಾಟು.

"ಹೆಸರು ಬರಕೋ."

ಹುಡುಗಿಯೇ ಗಾಬರಿಯಾದಳು. "ತಡೀರಿ ಕಾಕಾ, ಇನ್ನೂ ಹೇಳೇ ಇಲ್ಲ. ಅಲ್ಲಿ ಅರಮನಿ ಅದಾವ, ಗುಡ್ಡದ ಮ್ಯಾಲ ಕೋಟಿ ಐತಿ, ಸಂಗೀತ ಐತಿ. ನಿಮಗ ಖಾಸ ಏನು ನೋಡಬೇಕಾಗೇತಿ?"

"ಸೂರ್ಯ."

ಜೋಡಿ

ಕಂಪನಿಯ ನಿಯಮದಲ್ಲಿ ಹೋಟೆಲ್ಲಿನ ಒಂದು ಖೋಲಿಗೆ ಇಬ್ಬರು.

"ಜೋಡಿ ತರ್ರಿ ಕಾಕಾ," ಎಂದಳು ಹುಡುಗಿ.

"ಜೋಡಿ ಇದ್ದಿದ್ದರ ಇಲ್ಲಿಗ್ಯಾಕ ಬರತಿದ್ದೆ?"

ಹುಡುಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಮಿರಜದಾಗ ಎಲ್ಲಾ ಪ್ರವಾಸಿಗರ ಸಭಾ ಐತ್ರಿ. ಅಲ್ಲಿ ಯಾರರೆ ಸಿಗ್ತಾರ," ಎಂದಳು.

ಸಭೆ ಸಂಜೆ. ನೋಡಿದತ್ತ ಗಂಡ-ಹೆಂಡಿರು. ಕಂಪನಿಯವರು ಎದ್ದು ನಿಂತು, ಎರಡೂ ಊರು ಬೇರೆ ಬೇರೆ ದೇಶದಲ್ಲಿವೆ, ಎರಡಕ್ಕೂ ಬೇರೆ ಬೇರೆ ವೀಸಾ ಬೇಕು ಎಂದರು. ಆಗಿನ್ನೂ ಹಾಗೇ ಇತ್ತು. ಹಿಂದಿನ ಸಾಲಿನಿಂದ ಒಂದು ದೊಡ್ಡ ದನಿ ಎದ್ದಿತು.

"ಒಂದು ತಾಸಿನ ದಾರಿಗೆ ವೀಸಾ? ಚಲೋ ಪದ್ಧತಿ ನೋಡ್ರಿ. ಸಾಂಗ್ಲಿಯವರಿಗೂ ಹಚ್ಚಬೇಕು. ನೆಗಡಿ ಬಂದ್ರೂ ಮಿರಜದ ದವಾಖಾನಿಗೆ ಓಡಿ ಬರ್ತಾರ."

ಭಾಷಣ ಮುಗಿಯಿತು, ಊಟ ಬಂತು. ಜೋಡಿಗಳೆಲ್ಲ ತಾಟು ಹಿಡಿದರು. ನಾನು ಗೋಡೆಗೆ ಹೋಗಿ ನಿಂತೆ. ಗೋಡೆಯ ಹತ್ತಿರ ಆಗಲೇ ಒಬ್ಬರಿದ್ದರು. ಎತ್ತರದ ಆಳು, ಕೈ ಬೆನ್ನ ಹಿಂದೆ. ಹಿಂದಿನ ಸಾಲಿನ ದನಿ ಅವರದೇ.

"ಶುಗರ್ ಏನ್ರಿ?" ಎಂದರು.

"ಇಲ್ಲ. ನಿಮಗ?"

"ಇಲ್ಲ."

ಇಬ್ಬರೂ ಕಿಟಕಿ ನೋಡಿದೆವು. ಹೊರಗೆ ಕತ್ತಲೆ.

"ಜೂನದಾಗ ಅಲ್ಲಿ ಒಂಬತ್ತಕ್ಕಂತ," ಎಂದರು ಅವರು, ದನಿ ಇಳಿಸಿ.

ಮಿರಜದವರು. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಒಬ್ಬರೇ. ಅವರಿಗೂ ಜೋಡಿ ಬೇಕಾಗಿತ್ತು. ನಾನು ಹುಡುಗಿಯ ಹತ್ತಿರ ಹೋಗಿ ಖೋಲಿ ತುಂಬಿತು ಎಂದೆ.

"ಅವರ ಹೆಸರೇನ್ರಿ ಕಾಕಾ?"

ಕೇಳಿರಲಿಲ್ಲ.

ಯಾವ ಊರಿನ ಸೂರ್ಯ

ಗಾರ್ಡರಿಗೆ ಸಂಶಯ ಬಂತು. ವ್ರತ ಹಿಡಿದದ್ದು ಇಲ್ಲಿ. ಅಲ್ಲಿ ಬಿಸಿಲಿರುವಾಗ ಇಲ್ಲಿ ನಡುರಾತ್ರಿ. ಲೆಕ್ಕಕ್ಕೆ ಯಾವ ಊರಿನ ಸೂರ್ಯ? ಇಬ್ಬರೂ ಬಸದಿಯ ಪಂಡಿತರ ಹತ್ತಿರ ಹೋದೆವು.

ಪಂಡಿತರು ಬಹಳ ಹೊತ್ತು ಕಣ್ಣು ಮುಚ್ಚಿದರು. ಮಲಗಿದರೇನೋ ಎಂದುಕೊಂಡೆ.

"ಶರೀರ ಎಲ್ಲಿ ಇರ್ತದ, ಸೂರ್ಯ ಅಲ್ಲಿಯವ," ಎಂದರು.

ಕೈ ಮುಗಿದು ಎದ್ದೆವು. ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗಿದರು.

"ಮುಂಜಾನೆ ಎಷ್ಟಕ್ಕ ಹುಟ್ಟತಾನ?"

"ಐದಕ್ಕಂತ್ರಿ."

ಪಂಡಿತರು ಬೆರಳು ಮಡಚಿದರು. ಒಂದು ಕೈ ಸಾಲಲಿಲ್ಲ. ಎರಡೂ ಸಾಲಲಿಲ್ಲ.

"ಅಷ್ಟೂ ಹೊತ್ತು ಉಣ್ಣಾಕ ಅಡ್ಡಿಯಿಲ್ಲ," ಎಂದರು. ಮಡಚಿದ ಬೆರಳು ನೋಡಿಕೊಂಡು, "ಪ್ರವಾಸಕ್ಕ ಇನ್ನೊಂದು ಹೆಸರು ಹಚ್ಚಾಕ ಬರ್ತದೇನು ನೋಡ್ರಿ," ಎಂದರು.

ತಾಲೀಮು

ಗಾರ್ಡರಿಗೆ ಇನ್ನೊಂದು ಚಿಂತೆ ಹತ್ತಿತು. "ಹೊಟ್ಟಿಗೆ ಹೊತ್ತಿನ ರೂಢಿ ಆಗೇತ್ರಿ. ಒಮ್ಮಿಲೇ ಎಂಟರ ತನಕ ತಡೀ ಅಂದ್ರ ತಡೀತದ? ತಾಲೀಮು ಬೇಕು."

ದಿನಾ ಸಂಜೆ ಮಿರಜದಿಂದ ಸಿಟಿ ಬಸ್ಸಿನಲ್ಲಿ ಡಬ್ಬಿ ಹಿಡಿದು ಬರತೊಡಗಿದರು. ನನ್ನ ಬಾಲ್ಕನಿಯಲ್ಲಿ ಕೂತು, ಆದಷ್ಟು ತಡಮಾಡಿ, ಹೊತ್ತಿನ ತುದಿಗೆ ಬಂದು ಉಣ್ಣುವುದು. ನನ್ನ ಜೋಳದ ಭಕ್ರಿ, ಅವರ ಕಡಲೆಹಿಟ್ಟಿನ ಝುಣಕ. ಮಾತು ಅವರದು, ಹೂಂ ನನ್ನದು.

ತೊಡಕು ಒಂದೇ. ಪಶ್ಚಿಮಕ್ಕೆ ಹೊಸ ಅಪಾರ್ಟ್‌ಮೆಂಟ್ ಏಳುತ್ತಿತ್ತು. ವಾರಕ್ಕಿಷ್ಟು ಎತ್ತರವಾಗುತ್ತಿತ್ತು. ಒಂದು ಸಂಜೆ ಸೂರ್ಯ ಅದರ ಹಿಂದೆ ಹೋದ. ನಾನು ಕೈ ತೊಳೆದೆ.

"ಯಾಕ್ರಿ?"

"ಮುಳುಗಿದ."

"ಮುಳುಗಿಲ್ರಿ. ಕಟ್ಟಡದ ಹಿಂದ ಮರಿಯಾಗ್ಯಾನ."

"ಕಾಣಬೇಕು."

ಗಾರ್ಡರು ಎದ್ದು ಕಟ್ಟಡದ ನೆತ್ತಿಯ ಗಚ್ಚಿಗೆ ಹತ್ತಿದರು. ಮರುದಿನ ಬರುವಾಗ ಡಬ್ಬಿಯ ಜೊತೆ ರೈಲಿನ ಹಳೆಯ ಎರಡು ನಿಶಾನೆ ತಂದರು, ಒಂದು ಹಸಿರು, ಒಂದು ಕೆಂಪು. ನನ್ನದು ಮೇಲಿನ ಮಹಡಿ. ಅವರು ಗಚ್ಚಿಯ ಕಟ್ಟೆಯಿಂದ ಹಸಿರು ಇಳಿಬಿಟ್ಟರೆ ಬಾಲ್ಕನಿಗೆ ಕಾಣುತ್ತದೆ. ಹಸಿರು ಕಂಡರೆ ಉಣ್ಣಬೇಕು. ಆಮೇಲೆ ಅವರು ಓಡಿ ಬಂದು ನಾಲ್ಕು ತುತ್ತು ಉಂಡು ಮತ್ತೆ ಹತ್ತುತ್ತಿದ್ದರು. ಸೂರ್ಯ ಪೂರ್ತಿ ಮುಳುಗಿದಾಗ ಕೆಂಪು.

ಮೊದಲ ದಿನ ಕೆಂಪು ತೋರಿಸಿದ್ದೇ ಎದುರಿನ ಕೆಲಸದವರು ಕಾಂಕ್ರೀಟಿನ ಮಶೀನು ನಿಲ್ಲಿಸಿದರು. ಅಲ್ಲಿಯ ಮುಕಾದಮ ಓಡಿ ಬಂದು, "ಏನು ಅಪಘಾತ ಆತ್ರಿ?" ಎಂದ.

"ಊಟ ಮುಗೀತು," ಎಂದೆ.

ಆಮೇಲೆ ಇಡೀ ಕಟ್ಟಡಕ್ಕೆ ರೂಢಿಯಾಯಿತು. ಹೊಸ ಜೈನರ ಮನೆಗಳಲ್ಲೂ ಹಸಿರು ಕಂಡ ಕೂಡಲೇ ತಾಟಿನ ಸದ್ದು ಶುರುವಾಯಿತು.

ಮೇ ತಿಂಗಳಲ್ಲಿ ಹುಡುಗಿ ನಮ್ಮಿಬ್ಬರನ್ನೂ ಕರೆಸಿದಳು. ಒಂದು ವೀಸಾ ಬಂದಿತ್ತು, ಇನ್ನೊಂದು ಬಂದಿರಲಿಲ್ಲ. ಪ್ರವಾಸ ಮುಂದಕ್ಕೆ ಹೋಗಿತ್ತು.

"ಡಿಸೆಂಬರದಾಗ ಕಾಕಾ. ಬರ್ಫ ಬೀಳ್ತದ, ಭಾರಿ ಚಂದ."

"ಸೂರ್ಯ?" ಎಂದೆ.

ಹುಡುಗಿ ಫೋನು ಹಚ್ಚಿ ಯಾರನ್ನೋ ಕೇಳಿದಳು. ಮುಖ ಸಣ್ಣದಾಯಿತು. "ನಾಲ್ಕಕ್ಕ ಮುಳುಗ್ತಾನಂತ್ರಿ."

"ನಾಲ್ಕಕ್ಕ ನಾವು ಇಲ್ಲಿ ಚಹಾ ಕುಡೀತೀವಿ ತಾಯಿ," ಎಂದರು ಗಾರ್ಡರು.

ಇಬ್ಬರೂ ಹೆಸರು ತೆಗೆಸಿದೆವು. ಬಸ್ ಸ್ಟಾಪಿನಲ್ಲಿ ನಿಂತೆವು. ಮಿರಜದ ಬಸ್ ಬಂತು.

"ಆತು," ಎಂದರು.

"ಆತು," ಎಂದೆ.

ಪ್ರವಾಸವಿಲ್ಲ ಎಂದ ಮೇಲೆ ತಾಲೀಮು ಯಾತಕ್ಕೆ? ಮರುದಿನ ಸಂಜೆ ಒಂದೇ ತಾಟು ಇಟ್ಟೆ. ಸೂರ್ಯ ಕಟ್ಟಡದ ಹಿಂದೆ ಹೋದ. ಮುಳುಗಿದನೋ ಮರೆಯಾದನೋ, ಹೇಳುವವರಿಲ್ಲ. ಎದ್ದು ಹೋಗಿ ನೋಡಬಹುದಿತ್ತು. ಮನಸ್ಸಾಗಲಿಲ್ಲ. ಮುರಿದ ಭಕ್ರಿಯನ್ನು ತಾಟಿಗೆ ವಾಪಸು ಇಟ್ಟೆ.

ಆಗ ಬಾಲ್ಕನಿಯ ಮೇಲಿನಿಂದ ಹಸಿರು ನಿಶಾನೆ ಇಳಿಯಿತು.

ಬಾಗಿಲು ತೆರೆದೆ. ಗಾರ್ಡರು ಮೆಟ್ಟಿಲಿಳಿದು ಬಂದರು, ಏದುಸಿರು, ಕೈಯಲ್ಲಿ ಡಬ್ಬಿ.

"ಬಸ್ ತಡಾ ಆತ್ರಿ. ಅದಕ್ಕ ಮೊದಲು ಮ್ಯಾಲ ಹೋದೆ. ಉಣ್ರಿ ಉಣ್ರಿ, ಇನ್ನೂ ಅದಾನ."

"ಪ್ರವಾಸ ರದ್ದಾಗೇತಲ್ಲ."

"ಪ್ರವಾಸ ರದ್ದಾಗೇತಿ. ಹಸಿವಿ ರದ್ದಾಗೇತೇನು?"

ಇನ್ನೊಂದು ತಾಟು ಹಾಕಿದೆ. ಅಷ್ಟರಲ್ಲಿ ಕೆಳಗಿನ ಬಾಲ್ಕನಿಯಿಂದ, ಅದೇ ವಾಸ್ತುಶಾಂತಿಯ ಯಜಮಾನಿ, ಕತ್ತು ಮೇಲೆತ್ತಿ ಕೂಗಿದಳು. "ಕಾಕಾ, ಯುರೋಪಿಗೆ ಯಾವಾಗ ಹೊಂಟ್ರಿ?"

ಗಾರ್ಡರ ಬಾಯಲ್ಲಿ ತುತ್ತಿತ್ತು. ನಾನೇ ಹೇಳಬೇಕಾಯಿತು.

"ತಾಲೀಮು ಇನ್ನೂ ಕಚ್ಚಾ ಐತಿ."